ಪುಸ್ತಕದ ವರಿ

"ಮಾರಿಹಬ್ಬದ ವರಿ ಎತ್ತೀಯಲ್ಲ, ಅಂಗೇ ಎತ್ಲಾ. ಒಂದು ಮನೆ ತಪ್ಪಕೂಡ್ದು."

ಊರ ಯಜಮಾನ ಕಂಠಪ್ಪ ಇದನ್ನು ಹೇಳಿದ್ದು ತನ್ನ ಮನೆಯ ಜಗಲಿಯ ಮೇಲೆ ಕೂತು, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ. ಕೇಳಿಸಿಕೊಂಡವನು ಅಂಗಳದ ಬಿಸಿಲಲ್ಲಿ ನಿಂತಿದ್ದ ತಮಟೆ ಚೆಲುವಯ್ಯ. ಊರಿಗೆಲ್ಲ ಅವನು ಬರೀ ಚೆಲುವ. ಅಯ್ಯ ಸೇರಿಸಿ ಕರೆಯುತ್ತಿದ್ದವರು ಕೇರಿಯವರು, ಅದೂ ಅವನ ತಲೆ ನರೆತ ಮೇಲೆ.

"ಯಾವುದ್ರ ವರಿ ಬುದ್ಧಿ? ಹಬ್ಬ ಇನ್ನೂ ದೂರ ಅದಲ್ಲ."

"ಲೈಬ್ರರೀದು ಕಣ್ಲಾ. ಸರ್ಕಾರದೋರು ಗ್ರಾಂಟು ಕಡಿದವ್ರೆ. ಯುದ್ಧ ಆಯ್ತಲ್ಲ ಬಾಂಗ್ಲಾದೇಶುದ್ದು, ದುಡ್ಡೆಲ್ಲ ಅಲ್ಲಿಗೇ ಓಯ್ತಂತೆ. ಈ ವರ್ಷ ಒಂದು ಹೊಸ ಪುಸ್ತಕ ಇಲ್ಲ. ಪೇಪರ್ಗೂ ಕಾಸಿಲ್ಲ. ಊರಿಂದ, ಸುತ್ತಿನ ಹಳ್ಳಿಯಿಂದ್ಲೇ ಎತ್ಬೇಕು ಅಂತ ಕಮಿಟೀಲಿ ತೀರ್ಮಾನ ಆಗದೆ."

"ಕೇರೀಲೂ ಎತ್ತದಾ ಬುದ್ಧಿ?"

"ಎತ್ತು."

"ಕಾಡಿನ ಆಡೀಲೂವೆ?"

"ಆ ಜೇನುಕುರುಬ್ರತ್ರ ಜೇನಿಲ್ವ, ಸೀಗೇಕಾಯಿ ಇಲ್ವ? ಎತ್ತು. ವಿದ್ಯೆಗೆ ಜಾತಿ ಎಲ್ಲದೆ ಯೋಳು?" ಕಂಠಪ್ಪ ಇನ್ನೊಂದು ಕಾಲು ಚಾಚಿದ. "ಮತ್ತೆ ಇದು ವಿದ್ಯೆ ಕೆಲ್ಸ. ಕೂಲಿ ಗೀಲಿ ಅಂತ ಬಾಯಿ ಬುಡ್ಬೇಡ."

ಚೆಲುವಯ್ಯ ಕೂಲಿಯ ಆಸೆ ಬಿಟ್ಟ. ಮೂಟೆ ಹೊರುವುದಕ್ಕೆ ಗಾಡಿ ಕೇಳೋಣವೆಂದುಕೊಂಡ. ಎತ್ತುಗಳು ಉಳುಮೆಗೆ ಹೋಗಿವೆ ಅನ್ನುವುದು ಅವನಿಗೇ ಗೊತ್ತಿತ್ತು. ಕೇಳದೆ ಬಂದ.

ಹೊಂಗೆಹುಂಡಿ ಅಂತರಸಂತೆ ದಾರಿಯಲ್ಲಿರುವ ಊರು. ಅಲ್ಲಿನ ಲೈಬ್ರರಿ ಇದ್ದದ್ದು ಕಂಠಪ್ಪನ ತಾತ ಕಟ್ಟಿಸಿದ ಚಾವಡಿಯಲ್ಲಿ. ಒಂದು ಕೋಣೆ, ಒಂದೇ ಬಾಗಿಲು, ಎರಡು ಕಪಾಟು, ಒಂದು ಉದ್ದನೆಯ ಬೆಂಚು. ಬಾಗಿಲ ಮೇಲೆ 'ಸಾರ್ವಜನಿಕ ಗ್ರಂಥಾಲಯ, ಸರ್ವರಿಗೂ ಸ್ವಾಗತ' ಅನ್ನುವ ಬೋರ್ಡು. ಚೆಲುವಯ್ಯನಿಗೆ ಓದು ಬಾರದು. ಬೋರ್ಡು ಏನು ಹೇಳುತ್ತದೆಂದು ಸೊಸೆ ಸಣ್ಣತಾಯಮ್ಮ ಒಂದು ಸಲ ದೂರದಿಂದ ಓದಿ ಹೇಳಿದ್ದಳು. ದೂರದಿಂದ ಯಾಕೆಂದರೆ, ಕೇರಿಯವರು ಆ ಚಾವಡಿಯ ಮೆಟ್ಟಿಲ ತನಕ ಮಾತ್ರ. ಹಾಗಂತ ಯಾರೂ ಬರೆದು ಹಾಕಿರಲಿಲ್ಲ. ಬರೆಯದೆಯೇ ನಡೆದುಕೊಂಡು ಬಂದಿತ್ತು.

ವರಿ ಅಂದರೆ ಆ ಕಡೆಯವರಿಗೆಲ್ಲ ಗೊತ್ತು. ಮಾರಿಹಬ್ಬಕ್ಕೆ ಮನೆಮನೆಯಿಂದ ರಾಗಿ, ಕಾಯಿ, ಕೋಳಿ, ಇದ್ದದ್ದನ್ನು ಎತ್ತುತ್ತಾರೆ. ಹಬ್ಬವಾದ ಮೇಲೆ ಬಲಿಯ ಬಾಡನ್ನು ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕುತ್ತಾರೆ. ವರಿ ಕೊಟ್ಟ ಮನೆಗೊಂದು ಗುಡ್ಡೆ. ಬಾಡು ತಿನ್ನದ ಮನೆಗೆ ಕಾಯಿ ಹೋಳು. ಊರಿಗೂ ಒಂದೇ ಗುಡ್ಡೆ, ಕೇರಿಗೂ ಒಂದೇ ಗುಡ್ಡೆ, ಕಾಡಂಚಿನ ಹಾಡಿಗೂ ಅಷ್ಟೇ. ಕೊಟ್ಟವನು ಜ್ವರ ಬಂದು ಮಲಗಿದ್ದರೂ ಅವನ ಗುಡ್ಡೆ ಮನೆ ಬಾಗಿಲಿಗೆ ಹೋಗುತ್ತದೆ. ಗುಡ್ಡೆ ಕೊಡಲಾಗದಿದ್ದರೆ ಎತ್ತಿದ ವರಿ ವಾಪಸ್ಸು ಕೊಡಬೇಕು. ಇದನ್ನು ಮುರಿದ ಗೌಡನಿಲ್ಲ, ಪಟೇಲನಿಲ್ಲ.

ಚೆಲುವಯ್ಯ ಮಾರನೆಯ ಬೆಳಿಗ್ಗೆ ಕಂಕುಳಲ್ಲಿ ಹುಲ್ಲಿನ ಸಿವುಡು ಇರುಕಿಕೊಂಡು ಹೊರಟ. ತಮಟೆಯ ಚರ್ಮ ತಣ್ಣಗಾದರೆ ಸದ್ದು ಸಾಯುತ್ತದೆ. ಬೀದಿಗೊಂದು ಸಲ ಹಿಡಿ ಹುಲ್ಲಿಗೆ ಬೆಂಕಿ ಕೊಟ್ಟು, ಚರ್ಮವನ್ನು ಅದರ ಮೇಲೆ ತಿರುಗಿಸಿ ಕಾಯಿಸಬೇಕು. ಬೆರಳಿನಿಂದ ತಟ್ಟಿದರೆ ಅದು ಕಂಚಿನ ಹಾಗೆ ಠಣ್ ಅನ್ನಬೇಕು. ಆಮೇಲೆ ಬಾರಿಸಬೇಕು.

"ಕೇಳ್ರಪ್ಪೋ ಕೇಳಿ! ನಮ್ಮೂರ ಲೈಬರಿಗೆ ವೊಸ ಪುಸ್ತಕ ತರ್ಸಕ್ಕೆ ವರಿ ಎತ್ತಾ ಅವ್ರೇ! ರಾಗಿ ಕೊಡೋರು ರಾಗಿ ಕೊಡಿ, ಕಾಸು ಕೊಡೋರು ಕಾಸು ಕೊಡೀ! ವರಿ ಕೊಟ್ಟೋರ್ಗೆಲ್ಲ ಗುಡ್ಡೆ ಉಂಟೂ! ಒಳಕ್ಬಂದು ಕೂತ್ಕಂಡು ಓದ್ಬೋದೂ, ಓದಕ್ ಬರ್ದೋರು ಕೇಳ್ಬೋದೂ!"

ಕೊನೆಯ ಮಾತು ಕಂಠಪ್ಪ ಹೇಳಿಕೊಟ್ಟದ್ದಲ್ಲ. ಆದರೆ ಸಾರುವವನ ಬಾಯಲ್ಲಿ ವರಿಯ ಹಿಂದೆಯೇ ಗುಡ್ಡೆ ಬರುತ್ತದೆ. ಹಬ್ಬದ ವರಿಗೆ ಬಾಡಿನ ಗುಡ್ಡೆ. ಪುಸ್ತಕದ ವರಿಗೆ ಇನ್ನೇನು ಗುಡ್ಡೆ? ಓದುವುದೇ ಇರಬೇಕು. ಚೆಲುವಯ್ಯ ಹಾಗೆ ತಿಳಿದ. ಕಂಠಪ್ಪನ ಬೀದಿಯಲ್ಲೂ ಇದನ್ನೇ ಸಾರಿದ. ಕಂಠಪ್ಪ ಜಗಲಿಯಲ್ಲೇ ಇದ್ದ. ಪೂರ್ತಿ ಕೇಳಿದ. "ಚೆನ್ನಾಗಿ ಸಾರ್ತೀಯ ಕಣ್ಲಾ. ಇಂಗೇ ಸಾರ್ಕಂಡೋಗು, ಜನ ಕೊಡ್ತಾರೆ" ಅಂದ.

ಜನ ಕೊಟ್ಟರು. ಮೇಲಿನ ಬೀದಿಯವರು ಚೆಲುವಯ್ಯ ನೆಲದ ಮೇಲೆ ಹಾಸಿದ ಬಟ್ಟೆಗೆ ಎತ್ತರದಿಂದ ರಾಗಿ ಸುರಿದರು. ಅರ್ಧ ಬಟ್ಟೆಗೆ ಬಿತ್ತು, ಅರ್ಧ ಮಣ್ಣಿಗೆ. ಅವನು ಮಂಡಿಯೂರಿ ಮಣ್ಣಿನ ಸಮೇತ ಗುಡಿಸಿ ತುಂಬಿಕೊಂಡ. ಮೂಟೆ ತಲೆಗೇರಿತು. ತಮಟೆ ಹೆಗಲಿಗೆ ಬಂತು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಂತಿತು. ಊರಿಂದ ಊರಿಗೆ ಹೋದ. ಮಂಡಿ ನೋವು ಬಂದರೆ ಯಾವುದಾದರೂ ಬೇಲಿಗೆ ಮೂಟೆ ಒರಗಿಸಿ ನಿಲ್ಲುವನು. ಕೂತರೆ ಮತ್ತೆ ಮೂಟೆ ಎತ್ತಿಕೊಡುವವರು ಯಾರೂ ಇರಲಿಲ್ಲ.

ಕೇರಿಯಲ್ಲಿ ಸಾರಿದಾಗ ಹೆಂಡತಿ ಕೆಂಪಾಜಮ್ಮ ಒರಳು ಕಲ್ಲಿನಿಂದ ಏಳಲಿಲ್ಲ.

"ಉಣ್ಣೋ ಇಟ್ಟಿಗೇ ರಾಗಿ ಇಲ್ಲ. ಪುಸ್ತಕುಕ್ಕೆ ಎಲ್ಲಿಂದ ತರ್ಲಿ? ಪುಸ್ತಕವ ಬೇಯಿಸ್ಕಂಡು ತಿಂತೀಯಾ?"

"ಊರ ವರಿ ಕಣಮ್ಮಿ. ತಪ್ಪುಸ್ಕಂಡ್ರೆ ಎಂಗೆ?"

"ಊರ ಲೈಬರಿ, ಊರೋರ್ ಪುಸ್ತಕ. ವರಿ ಮಾತ್ರ ನಮ್ದೂ ಊರೋರ್ದೂ ಒಂದೇಯಾ?"

"ಗುಡ್ಡೆ ಅದೆ ಅಂತ ಸಾರಿವ್ನಿ. ಕಂಠಪ್ಪೋರೂ ಕೇಳವ್ರೆ."

ಸೊಸೆ ಸಣ್ಣತಾಯಮ್ಮ ಒಳಗೆ ಹೋಗಿ ತನ್ನ ಮೊಟ್ಟೆ ಕೋಳಿಯನ್ನು ಹಿಡಿದು ತಂದು ಮಾವನ ಕೈಗೆ ಕೊಟ್ಟಳು. ಗಂಡ ಕಬಿನಿ ಕಟ್ಟೆಯ ಕೆಲಸಕ್ಕೆ ಹೋಗಿ, ಕಲ್ಲು ಜಾರಿ ಸತ್ತ ಮೇಲೆ ಅವಳಿಗೆ ಅಂತ ಇದ್ದದ್ದು ಆ ಕೋಳಿ. ತಾಯಿಮನೆ ಊರಲ್ಲಿ ನಾಲ್ಕನೇ ಕ್ಲಾಸು ಓದಿದ್ದಳು. ಅಂಗಡಿಯಿಂದ ಬೆಲ್ಲ, ಉಪ್ಪು ಕಟ್ಟಿಸಿಕೊಂಡು ಬಂದ ಕಾಗದವನ್ನು ಬಿಸಾಕದೆ ಮಂಡಿಯ ಮೇಲೆ ಸವರಿ ಓದುವಳು. ಬಹಳ ಸಲ ಅದರಲ್ಲಿ ಯಾವುದೋ ಕಥೆಯ ತುಂಡು ಇರುತ್ತಿತ್ತು. ಹುಡುಗಿ ಬಾವಿಯ ಹತ್ತಿರ ಹೋದಳು ಅನ್ನುವಲ್ಲಿಗೆ ಕಾಗದ ಹರಿದಿರುತ್ತಿತ್ತು.

"ಬಾವಿಗೆ ಬಿದ್ಲೋ, ನೀರು ಸೇದ್ಕಂಡು ಬಂದ್ಲೋ, ಯಾವತ್ತೂ ಗೊತ್ತಾಗಲ್ಲ ಮಾವ. ಒಂದು ಕಥೆಯಾದ್ರೂ ಕೊನೇತಂಕ ಓದ್ಬೇಕು" ಅಂದಳು. "ಒಳಕ್ ಬುಡ್ತಾರೆ ತಾನೆ?"

"ನಾನು ಸಾರುದ್ ಮೇಲೆ ಮುಗೀತು" ಅಂದ ಚೆಲುವಯ್ಯ.

ಅದು ಜಂಬದ ಮಾತಲ್ಲ. ಅವನ ಹತ್ತಿರ ಇದ್ದದ್ದು ಅದೊಂದೇ. ಭೂಮಿಯಿಲ್ಲ, ಮನೆಯ ಮೇಲೆ ಹುಲ್ಲು ಸರಿಯಿಲ್ಲ. ಆದರೆ ಚೆಲುವಯ್ಯ ಸಾರಿದ ಅಂದರೆ ಅದು ನಡೆಯುತ್ತದೆ ಅಂತ ಸುತ್ತಿನ ಹಳ್ಳಿಯವರು ನಂಬಿದ್ದರು. ಸಂತೆ ಬದಲಾಯಿತು ಅಂದರೆ ಬದಲಾಯಿತು. ದನಕ್ಕೆ ಸೂಜಿ ಹಾಕುವವನು ಬರುತ್ತಾನೆ ಅಂದರೆ ಬರುತ್ತಾನೆ. ಅವನ ಅಪ್ಪನ ಕಾಲದಿಂದಲೂ ಆ ತಮಟೆ ಸುಳ್ಳು ಬಾರಿಸಿರಲಿಲ್ಲ.

ಕೊನೆಗೆ ಹಾಡಿಗೆ ಹೋದ. ಕಾಡಂಚಿನ ಗುಡಿಸಲುಗಳ ಮುಂದೆ ಮುದುಕ ಕೇತ ಬಿದಿರು ಸೀಳುತ್ತ ಕೂತಿದ್ದ. ಚೆಲುವಯ್ಯ ಮೂಟೆ ಇಳಿಸಿ ಸಾರಿದ. ಕೇತ ಪೂರ್ತಿ ಕೇಳಿ ಕೈ ಒರೆಸಿಕೊಂಡ.

"ಪೇಪರೂ ಓದ್ತಾರಾ ಅಣ್ಣ ಅಲ್ಲಿ?"

"ಓದ್ತಾರೆ."

"ಗಾರ್ಡು ಬಂದು ಯೋಳ್ತಾವ್ನೆ, ಕಾಡು ಬುಡ್ಬೇಕು ನೀವು ಅಂತ. ಪ್ರಾಣಿಗೆ ಕಾಡು ಕೊಡ್ತಾರಂತೆ. ಸರ್ಕಾರ ಪೇಪರ್ನಾಗೆ ಆಕದೆ ಅಂತಾನೆ. ನಿಜವೋ, ನಮ್ಮ ಎದ್ರುಸಿ ಜೇನು ಕಿತ್ಕಳಕ್ಕೆ ಯೋಳ್ತಾನೋ. ಯಾರ ಕೇಳದು? ನಾವು ಆ ಪೇಪರ ಒಂದ್ಸಲ ಕೇಳ್ಬೇಕು."

"ಬಾ. ಒಳಕ್ ಕೂತ್ಕಂಡು ಕೇಳು."

"ಒಳಕ್ಕಾ?" ಕೇತ ನಕ್ಕ. "ನಿನ್ನೇ ಬುಡಲ್ಲ ಕಣಣ್ಣ ಅವ್ರು."

"ವರಿ ಕೊಟ್ರೆ ಬುಡ್ತಾರೆ."

ಕೇತ ಒಳಗೆ ಹೋಗಿ ಸೋರೆ ಬುರುಡೆಯ ತುಂಬ ಜೇನು ತಂದುಕೊಟ್ಟ. ಉಳಿದವರು ಸೀಗೆಕಾಯಿ ತಂದರು. ಆ ಜೇನು ತೆಗೆಯಲು ಅವನ ತಮ್ಮನ ಮಗ ಮರದ ತುದಿಯಲ್ಲಿ ಹೊಗೆಯೊಳಗೆ ನೇತಾಡಿದ್ದು, ಮುಖ ಊದಿಕೊಂಡು ಇನ್ನೂ ಕಣ್ಣು ಬಿಡದೆ ಗುಡಿಸಲಲ್ಲಿ ಮಲಗಿದ್ದು, ಇದನ್ನೆಲ್ಲ ಕೇತ ಹೇಳಲಿಲ್ಲ. ನರಳುವುದು ಚೆಲುವಯ್ಯನಿಗೆ ಕೇಳಿಸಿತು. ಬುರುಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ದಾರಿಯುದ್ದಕ್ಕೂ ಒಂದು ಹನಿ ಚೆಲ್ಲದ ಹಾಗೆ ನಡೆದ.

ರಾಗಿ ಮಾರಿದರು, ಸೀಗೆ ಮಾರಿದರು. ಜೇನು ಕಂಠಪ್ಪನ ಮನೆಯಲ್ಲೇ ಉಳಿಯಿತು. ಮೈಸೂರಿನಿಂದ ಪುಸ್ತಕದ ಪೆಟ್ಟಿಗೆ ಬಂತು. ಪುಸ್ತಕಗಳನ್ನು ಕಪಾಟಿಗೆ ಜೋಡಿಸುವ ದಿವಸ ಮೈಸೂರಿನಿಂದ ಸಾಹೇಬರು ಬರುತ್ತಾರೆ, ಸಾರು ಅಂದರು. ಚೆಲುವಯ್ಯ ಮತ್ತೆ ಸಿವುಡು ಇರುಕಿಕೊಂಡು ಅಷ್ಟೂ ಊರು ಸುತ್ತಿದ. "ವರಿ ಕೊಟ್ಟೋರೆಲ್ಲ ಬರ್ಬೇಕೂ!" ಅಂದ. ಈ ಸಲವೂ ಯಾರೂ ಬೇಡ ಅನ್ನಲಿಲ್ಲ.

ಅವರು ಬಂದರು.

ಕೇರಿಯವರು ಮಿಂದು, ಒಗೆದ ಬಟ್ಟೆ ಉಟ್ಟು ಬಂದರು. ಸಣ್ಣತಾಯಮ್ಮ ತಲೆಗೆ ಎಣ್ಣೆ ಹಾಕಿದ್ದಳು. ಕೇತ ಹಾಡಿಯ ಹೆಣ್ಣು ಗಂಡು ಎಲ್ಲರನ್ನೂ ಕರೆದುಕೊಂಡು ಬೆಳಗಿನ ಜಾವವೇ ಕಾಡುದಾರಿ ಬಿಟ್ಟಿದ್ದ. ಎಲ್ಲರೂ ಚಾವಡಿಯ ಮೆಟ್ಟಿಲ ಕೆಳಗೆ ನಿಂತರು. ಒಳಗೆ ಕಂಠಪ್ಪ, ಕಮಿಟಿಯವರು, ಲೈಬ್ರರಿ ನೋಡಿಕೊಳ್ಳುವ ಲಿಂಗಯ್ಯ ಇದ್ದರು. ಬೆಂಚಿನ ಮೇಲೆ ಸಾಹೇಬರಿಗೆ ಅಂತ ಜಮಖಾನ ಹಾಸಿತ್ತು.

ಕಂಠಪ್ಪ ಬಾಗಿಲಿಗೆ ಬಂದು ನೋಡಿದ.

"ಏನ್ಲಾ ಚೆಲುವ, ಇದೇನು ದಂಡು?"

"ಗುಡ್ಡೆಗೆ ಬಂದವ್ರೆ ಬುದ್ಧಿ."

"ಯಾವ ಗುಡ್ಡೆಲಾ?"

"ವರಿ ಕೊಟ್ಟಿದ್ರಲ್ಲ. ಒಳಕ್ಬಂದು ಕೂತ್ಕತಾರೆ. ಓದ್ತಾರೆ."

ಒಳಗಿದ್ದವರು ಗೊಳ್ಳೆಂದು ನಕ್ಕರು. ಯಾರೋ ಒಬ್ಬ, "ಮುತ್ತುಗದೆಲೆ ತಂದವ್ರೇನೋ ಕೇಳು, ಎಲೆಗೆರಡು ಅಕ್ಷರ ಬಡಿಸಾನ" ಅಂದ. ಮತ್ತೆ ನಕ್ಕರು. ಕಂಠಪ್ಪನೂ ನಕ್ಕ. ನಗು ನಿಂತ ಮೇಲೆ ಅವನ ಮುಖ ಬಿಗಿಯಿತು.

"ನೋಡ್ಲಾ. ಪುಸ್ತಕ ಎಲ್ಲಾರ್ದೂವೆ. ಇಲ್ಲ ಅಂದೋರ್ಯಾರು? ಆದ್ರೆ ಕಟ್ಟಡ ನಮ್ತಾತಂದು. ನೀವೆಲ್ಲ ಕಿಟಕಿ ತಾವ ನಿಂತ್ಕಳಿ. ಲಿಂಗಯ್ಯ ಓದ್ತಾನೆ, ಕೇಳ್ತದೆ." ಅವನು ಒಳಗೆ ತಿರುಗಿದ. "ಲಿಂಗಯ್ಯ, ಅವ್ರಿಗೆ ಏನಾರ ಆಕು."

ಲಿಂಗಯ್ಯ ಬಡಕಲು ಮನುಷ್ಯ. ಗ್ರಾಂಟು ಕಡಿದ ಮೇಲೆ ಅವನಿಗೂ ಅರ್ಧ ಸಂಬಳ. ಮೂಲೆಯಲ್ಲಿದ್ದ ಹಳೆಯ ಪೇಪರುಗಳ ಕಟ್ಟು ತೆಗೆದು, ಯಾರ ಮುಖವನ್ನೂ ನೋಡದೆ ಕಿಟಕಿಯ ಸರಳಿನ ಸಂದಿನಿಂದ ಹೊರಕ್ಕೆ ಬಿಟ್ಟ. ಕಟ್ಟು ಮಣ್ಣಿಗೆ ಬಿದ್ದು ಬಿಚ್ಚಿಕೊಂಡಿತು. ಗೆದ್ದಲು ತಿಂದ ಕಾಗದ. ಸಣ್ಣತಾಯಮ್ಮ ಒಂದು ಹಾಳೆ ಎತ್ತಿ ನೋಡಿದಳು. ಅದು ಅರ್ಧಕ್ಕೆ ಹರಿದಿತ್ತು. ಹಾಗೇ ಕೆಳಗಿಟ್ಟಳು.

"ಇಂಥಾದ್ದು ಉಪ್ಪಿನ ಜೊತೇಲಿ ಪುಗಸಟ್ಟೆ ಬತ್ತದೆ" ಅಂದಳು ಕೆಂಪಾಜಮ್ಮ. "ಇದ್ಕೆ ಕೋಳಿ ಕೊಟ್ಟೆಯಾ ಮಗ?"

ಕೇತ ಚೆಲುವಯ್ಯನ ಕಡೆ ನೋಡಿದ. ಆ ನೋಟ ಚೆಲುವಯ್ಯನ ಎದೆಗೆ ಮೂಟೆಗಿಂತ ಭಾರವಾಗಿ ಕೂತಿತು. ಹಾಡಿಗೆ ಮತ್ತೆ ಹೇಗೆ ಹೋಗುವುದು? ನಾಳೆ ಕಾಡುಬೆಂಕಿ ಬಂತೆಂದು ಸಾರಿದರೂ ಈ ಜನ ಗುಡಿಸಲಿನಿಂದ ಏಳುತ್ತಾರೆಯೇ?

"ಸಾಹೇಬ್ರು ಬರೋ ಹೊತ್ತಾಯ್ತು" ಕಂಠಪ್ಪ ಅವಸರ ಮಾಡಿದ. "ಚೆಲುವ, ತಮಟೆ ಬಾರ್ಸಿ ಇವ್ರ ಅತ್ಲಾಗೆ ಕಳ್ಸು. ಆಮ್ಯಾಕೆ ಜೀಪಿನ ಮುಂದೆ ಬಾರ್ಸುವಂತೆ."

ಚೆಲುವಯ್ಯ ಅಲ್ಲಾಡಲಿಲ್ಲ.

"ಬಾರ್ಸೋ."

"ತಣ್ಣಗಾಗದೆ ಬುದ್ಧಿ."

"ಬಿಸಿ ಮಾಡ್ಕ. ಕಂಕುಳಲ್ಲೇ ಅದಲ್ಲ ಹುಲ್ಲು."

"ಮಾಡಲ್ಲ."

ಆ ಮಾತು ಬಹಳ ಮೆಲ್ಲಗೆ ಬಂತು. ಕಂಠಪ್ಪನಿಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು. ಚೆಲುವಯ್ಯ ಸಿವುಡನ್ನು ಕೆಳಗೆ ಹಾಕಿದ.

"ನೀವೇ ಅಂದ್ರಿ, ಹಬ್ಬದ ವರಿ ಎತ್ತೋ ಅಂಗೆ ಎತ್ತು ಅಂತ. ಎತ್ತುದೆ. ನನ್ ಕತ್ತು ನೋಡಿ. ಗುಡ್ಡೆ ಅದೆ ಅಂತ ಸಾರುದೆ. ನೀವು ಜಗುಲೀಲಿ ಕೂತ್ಕಂಡು ಕೇಳುದ್ರಿ. ಚೆನ್ನಾಗದೆ ಅಂದ್ರಿ. ಈಗ ಗುಡ್ಡೆ ಆಕಿ. ಇಲ್ಲ, ವರಿ ವಾಪಸ್ ಕೊಡಿ. ಇವ್ಳ ಕೋಳಿ ಕೊಡಿ. ಕೇತನ ಜೇನು ಕೊಡಿ."

"ಜೇನಾ?" ಕಂಠಪ್ಪನ ಕಿವಿ ಕೆಂಪಗಾಯಿತು. "ಏನಂತ ಮಾತಾಡ್ತೀಯಲಾ? ಕುಡ್ದಿದ್ದೀಯಾ?"

"ಕುಡ್ಯಕ್ಕೂ ಕೂಲಿ ಕೊಡ್ನಿಲ್ವಲ್ಲ ನೀವು" ಅಂದಳು ಕೆಂಪಾಜಮ್ಮ.

ಚೆಲುವಯ್ಯ ಮೆಟ್ಟಿಲು ಹತ್ತಿದ. ಹೆಗಲಿನಿಂದ ತಮಟೆ ಇಳಿಸಿದ. ಕಂಠಪ್ಪ ಮೈ ತಾಕೀತೆಂದು ಎರಡು ಹೆಜ್ಜೆ ಒಳಕ್ಕೆ ಸರಿದ. ಚೆಲುವಯ್ಯ ತಮಟೆಯನ್ನು ಹೊಸ್ತಿಲ ಮೇಲೆ ಅಡ್ಡಡ್ಡ ಇಟ್ಟ. ಇಟ್ಟು ಕೆಳಗಿಳಿದು ಮೆಟ್ಟಿಲ ಮೇಲೆ ಕೂತ. ಎಷ್ಟೋ ದಿನದ ಮೇಲೆ ಕೂತವನ ಹಾಗೆ ಉಸಿರು ಬಿಟ್ಟ.

ಇದಿಷ್ಟೇ ಆತ ಮಾಡಿದ್ದು. ಒಳಗಿದ್ದವರು ಒಳಗೇ ಉಳಿದರು. ಅದು ಸತ್ತ ದನದ ಚರ್ಮ, ಕೇರಿಯವನ ಕೈಯಲ್ಲಿ ಹದಗೊಂಡದ್ದು. ಮುಟ್ಟಿ ಪಕ್ಕಕ್ಕಿಡುವ ಹಾಗಿಲ್ಲ. ಮಾರಿಯ ಮುಂದೆ ಬಾರಿಸುವ ತಮಟೆ. ಪ್ರತಿ ಹಬ್ಬದಲ್ಲೂ ಕಂಠಪ್ಪನೇ ಅದರ ಮುಂದೆ ಕಾಯಿ ಒಡೆಯುವವನು. ದಾಟುವ ಹಾಗೂ ಇಲ್ಲ.

"ತೆಗಿಯೋ ಅದನ್ನ."

"ಕೈ ಸೋತದೆ. ನೀವೇ ತೆಗೀರಿ."

"ದಾಟ್ಕಂಡು ಬನ್ನಿ ಅತ್ಲಾಗೆ" ಅಂದ ಒಳಗಿನಿಂದ ಒಬ್ಬ. "ಮಾರಿ ತಮಟೆ ಕಣಯ್ಯ. ನೀನು ದಾಟು ನೋಡಾನ" ಅಂದ ಇನ್ನೊಬ್ಬ. ಯಾರೂ ದಾಟಲಿಲ್ಲ. ಲಿಂಗಯ್ಯ ಒಂದು ಹೆಜ್ಜೆ ಮುಂದಿಟ್ಟ. ಕಂಠಪ್ಪ ಅವನನ್ನು ನೋಡಿದ. ಲಿಂಗಯ್ಯ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡ.

ಆಗ ಸಣ್ಣತಾಯಮ್ಮ ಮೆಟ್ಟಿಲು ಹತ್ತಿದಳು. ಮಾವನ ಪಕ್ಕದಲ್ಲೇ ಹಾದುಹೋದಳು. ಬಗ್ಗಿ ತಮಟೆಯನ್ನು ಎತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೆ ಇಟ್ಟುಕೊಂಡಳು. ಒಳಗಿದ್ದವರಿಗೆ ನಿರಾಳವಾಯಿತು. ಇನ್ನು ತಿರುಗಿ ಇಳಿಯುತ್ತಾಳೆ ಅಂದುಕೊಂಡರು. ಅವಳು ತಿರುಗಲಿಲ್ಲ. ಹೊಸ್ತಿಲು ದಾಟಿ ಒಳಕ್ಕೆ ನಡೆದಳು.

ತಮಟೆ ಮುಂದೆ ಬಂದ ಹಾಗೆಲ್ಲ ಗಂಡಸರು ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡರು. ಯಾರೂ ಅವಳನ್ನು ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು. ಅವಳು ಸಾಹೇಬರ ಜಮಖಾನವನ್ನು ಮಡಿಸಿ ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಕೂತು, ತಮಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹಿಂದೆಯೇ ಕೇತ ಬಂದ. ಬೆಂಚು ಅವನಿಗೆ ಅಭ್ಯಾಸವಿಲ್ಲ, ನೆಲದ ಮೇಲೆ ಕೂತ. ಅವನ ಹಿಂದೆ ಹಾಡಿಯವರು, ಕೇರಿಯವರು.

ಕಮಿಟಿಯವರು ಒಬ್ಬೊಬ್ಬರಾಗಿ, ಪಂಚೆ ಎತ್ತಿ ಹಿಡಿದು ಹೊರಕ್ಕೆ ಹೋದರು. ಕಂಠಪ್ಪ ಬಾಗಿಲಲ್ಲಿ ನಿಂತ.

"ಲಿಂಗಯ್ಯ, ಬೀಗ ಆಕು."

ಲಿಂಗಯ್ಯ ಕೈಯಲ್ಲಿ ಬೀಗ ಹಿಡಿದುಕೊಂಡೇ ಗೋಡೆಯ ಗಡಿಯಾರ ನೋಡಿದ. "ಒಳಗೆ ಜನ ಅವ್ರೆ ಯಜಮಾನ್ರೆ. ಮುಚ್ಚೋ ಟೈಮೂ ಆಗಿಲ್ಲ."

"ನಿನ್ ಸಂಬಳ ಉಳಿದರ್ಧಾನೂ ಓಯ್ತು ತಿಳ್ಕ." ಕಂಠಪ್ಪ ಮೆಟ್ಟಿಲಿಳಿದು ಚೆಲುವಯ್ಯನ ಮುಂದೆ ನಿಂತ. "ನಾಳೆಯಿಂದ ನನ್ ಗದ್ದೆಗೆ ಕಾಲಿಡ್ಬೇಡ. ಊರ ಬಾವಿ ದಾರೀಲಿ ಕಾಣುಸ್ಕಂಡ್ರೆ ನೋಡು. ಹಬ್ಬುಕ್ಕೂ ಬೇರೆಯೋನ ಕರುಸ್ತೀನಿ."

"ಕರ್ಸಿ" ಅಂದ ಚೆಲುವಯ್ಯ. ಎದ್ದು ನಿಲ್ಲಲಿಲ್ಲ. ಎದ್ದು ನಿಲ್ಲದೆ ಕಂಠಪ್ಪನ ಜೊತೆ ಮಾತಾಡಿದ್ದು ಅದೇ ಮೊದಲು. ಧೈರ್ಯಕ್ಕಿಂತ ಹೆಚ್ಚಾಗಿ ಅದು ಮಂಡಿ ನೋವು.

ಒಳಗೆ ಲಿಂಗಯ್ಯ ಆ ದಿನದ ಪೇಪರನ್ನೂ ಒಂದು ಹೊಸ ಪುಸ್ತಕವನ್ನೂ ಬೆಂಚಿನ ಮೇಲೆ ಇಟ್ಟು ದೂರ ಸರಿದು ನಿಂತ. ಸಣ್ಣತಾಯಮ್ಮನ ಕೈ ಪುಸ್ತಕದ ಕಡೆ ಹೋಯಿತು.

"ಪೇಪರ್ ಮೊದ್ಲು ನೋಡವ್ವ" ಅಂದ ಕೇತ. "ಕಾಡಿನ ಇಷ್ಯ ಏನಾರ ಅದಾ?"

ಅವಳು ಪೇಪರನ್ನು ತಮಟೆಯ ಮೇಲೆ ಹರಡಿದಳು. ಬೆರಳಿಟ್ಟು, ತಡವರಿಸಿ, ಒಂದೊಂದೇ ದಪ್ಪಕ್ಷರ ಓದುತ್ತ ಹೋದಳು. ಅಕ್ಕಿಯ ರೇಷನ್ನು, ಮಂತ್ರಿಯ ಭಾಷಣ, ಮೈಸೂರಿನಲ್ಲಿ ಕುಸ್ತಿ, ರೇಷ್ಮೆಗೂಡಿನ ಧಾರಣೆ. ಹಾಡಿಯವರು ಎಲ್ಲವನ್ನೂ ಅಷ್ಟೇ ಗಮನವಿಟ್ಟು ಕೇಳಿದರು. ಕೊನೆಯ ಪುಟವೂ ಮುಗಿಯಿತು.

"ಇಲ್ಲ ಕಣಣ್ಣ. ಇವತ್ತು ಬಂದಿಲ್ಲ."

"ಬಂದಿಲ್ವಾ?" ಕೇತ ಪೇಪರಿನ ಕಡೆ ಬಗ್ಗಿ ನೋಡಿದ. "ಅಂಗಾರೆ ನಾಳೀಕೆ ಬತ್ತೀನಿ. ಈಗ ನಿನ್ ಕಥೆ ಓದು. ಕೇಳ್ತೀವಿ."

ಹೊರಗೆ ಮೆಟ್ಟಿಲ ಮೇಲೆ ಕೆಂಪಾಜಮ್ಮ ಗಂಡನ ಪಕ್ಕ ಬಂದು ಕೂತಳು. ಮಣ್ಣಿಗೆ ಬಿದ್ದಿದ್ದ ಹಳೆಯ ಪೇಪರು ಗಾಳಿಗೆ ಬೇಲಿಯ ಕಡೆ ಸರಿಯುತ್ತಿತ್ತು. ಸಾಹೇಬರ ಜೀಪು ಬಂದಿರಲಿಲ್ಲ. ಮೈಸೂರು ರಸ್ತೆಯ ಹ್ಯಾಂಡ್‌ಪೋಸ್ಟಿನಲ್ಲೇ ಕೆಟ್ಟು ನಿಂತಿದೆ ಅಂತ ಯಾರೋ ಸೈಕಲ್ಲಿನವನು ಹೇಳಿಕೊಂಡು ಹೋದ.

"ನಾಳಿಂದ ಏನುಣ್ಣದು?" ಅಂದಳು ಅವಳು.

"ಗೊತ್ತಿಲ್ಲ."

"ಬಾವಿ ದಾರಿ ಬುಟ್ರೆ ನೀರ್ಗೆ ಒಳೆಗೇ ಓಗ್ಬೇಕು."

"ಓಗಾನ."

"ಅಲ್ಲ, ನಿನ್ಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?"

"ಸುಮ್ಕಿರು ಸ್ವಲ್ಪ. ಓದ್ತಾವ್ಳೆ, ಕೇಳು."

ಒಳಗಿನಿಂದ ಸಣ್ಣತಾಯಮ್ಮನ ದನಿ ಕಲ್ಲುದಾರಿಯ ಗಾಡಿಯ ಹಾಗೆ ನಿಂತು ನಿಂತು ಬರುತ್ತಿತ್ತು. ಬೀದಿಯ ಕರುವೊಂದು ಮೆಟ್ಟಿಲ ಹತ್ತಿರ ಬಂದು, ಚೆಲುವಯ್ಯ ತಮಟೆ ಕಾಯಿಸಲು ತಂದಿದ್ದ ಹುಲ್ಲಿನ ಸಿವುಡನ್ನು ಮೂಸಿತು. ಅವನು ಅದನ್ನು ಓಡಿಸಲಿಲ್ಲ. ಸಿವುಡಿನ ಕಟ್ಟನ್ನು ಬಿಚ್ಚಿ ಅದರ ಮುಂದಕ್ಕೆ ತಳ್ಳಿದ. ಕರು ತಿನ್ನತೊಡಗಿತು.